ಕುಂಬಳಕಾಯಿ ಕೊಡಿ ಸ್ವಾಮಿ

ನಮ್ಮಲ್ಲಿ ಪುರಾವೆಯ ನಿಯಮ ಬಹಳ ಸರಳ. ಮಾತು ಎಷ್ಟು ಸಣ್ಣದೋ ದಾಖಲೆ ಅಷ್ಟು ದಪ್ಪಗಿರಬೇಕು. "ನಾನಿನ್ನೂ ಸತ್ತಿಲ್ಲ" ಅಂತ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ರುಜುವಾತು ಮಾಡಬೇಕು. ಎದುರಿಗೆ ನಿಂತು ಕೆಮ್ಮಿದರೆ ಸಾಲದು. ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ "ನಾಳೆ ಬನ್ನಿ ಅಜ್ಜಾ, ಸರ್ವರ್ ಡೌನು." ಆದಾಯ ಇಲ್ಲ ಅನ್ನುವುದಕ್ಕೂ ನಾಡಕಚೇರಿಯ ಸರ್ಟಿಫಿಕೇಟು ಬೇಕು. ಅದೇ ಅಜ್ಜ ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ಉದುರಿಸಲಿ, ಆಧಾರ್ ಕೇಳುವ ಧೈರ್ಯ ಯಾರಿಗಿದೆ? ಗುಮಾಸ್ತರೇ ಕುರ್ಚಿ ಬಿಟ್ಟೆದ್ದು ಕಾಲಿಗೆ ಬೀಳುತ್ತಾರೆ.

1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ, ಮೂಲಿಕೆ ಹಾಕಿ ನೀರನ್ನು ಪೆಟ್ರೋಲ್ ಮಾಡುತ್ತೇನೆ ಎಂದರು. ಪೆಟ್ರೋಲಿಗೆ ಬೇಕಾದ ಇಂಗಾಲ ನೀರಿನಲ್ಲಿ ಇಲ್ಲವೇ ಇಲ್ಲ. ಹಿಡಿ ಸೊಪ್ಪಿನಿಂದ ಎಷ್ಟು ಬಂದೀತು ಎಂಬ ಲೆಕ್ಕವನ್ನು ಪಿಯುಸಿ ಹುಡುಗನೂ ಹಾಕಬಲ್ಲ. ಆದರೂ ಓದಿಕೊಂಡವರೇ ತಲೆದೂಗಿದರು. ಎಲ್ಲರ ಕಣ್ಣೂ ಪಾತ್ರೆಯೊಳಗೆ. ಗುಟ್ಟು ಇದ್ದದ್ದು ಕಲಕುವ ಕೋಲಿನೊಳಗೆ. ಟೊಳ್ಳು ಕೋಲು, ಒಳಗೆ ಇಂಧನ, ತುದಿಗೆ ಮೇಣ. ಬಿಸಿಗೆ ಮೇಣ ಕರಗಿತು, ಪೆಟ್ರೋಲ್ ಅವತರಿಸಿತು! ಕೊನೆಗೆ ಮದ್ರಾಸಿನ ಐಐಟಿಯಲ್ಲಿ ಬಣ್ಣ ಬಯಲಾಯಿತು. ನ್ಯಾಯಾಲಯ ಮೂರು ವರ್ಷದ ಶಿಕ್ಷೆ ಕೊಟ್ಟದ್ದು 2016ರಲ್ಲಿ. ಮೇಣ ಕರಗಲು ನಿಮಿಷಗಳು ಸಾಕಾದರೆ, ಶಿಕ್ಷೆ ಬರಲು ಇಪ್ಪತ್ತು ವರ್ಷ ಬೇಕಾಯಿತು.

ನಮ್ಮ ಎಚ್. ನರಸಿಂಹಯ್ಯನವರಿಗೆ ಕೋಲು ನೋಡುವ ಕೆಟ್ಟ ಚಾಳಿ ಇತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಒಂದು ಸಮಿತಿಯನ್ನೇ ಮಾಡಿ, ಪರೀಕ್ಷೆಗೆ ಸಹಕರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಭಕ್ತರಿಂದ ಮಾತ್ರ ಧಾರಾಳವಾಗಿ ಬಂತು: ದೈವವನ್ನು ಲ್ಯಾಬಿನಲ್ಲಿ ಅಳೆಯುವುದಕ್ಕೆ ಇವರ್ಯಾರು? ದೈವದ ಸುದ್ದಿ ಎತ್ತಿದವರು ಯಾರು ಮಾರಾಯ್ರೆ? ವಿಷಯ ಇದ್ದದ್ದು ಬಾಬಾ ಗಾಳಿಯಿಂದ ತೆಗೆಯುತ್ತಾರೆನ್ನುವ ಬೂದಿ, ಉಂಗುರಗಳದ್ದು. ಉಂಗುರವನ್ನು ಅಕ್ಕಸಾಲಿಗರು ದಿನವೂ ತೂಗುತ್ತಾರೆ, ಅಧ್ಯಾತ್ಮಕ್ಕೆ ಏನೂ ಊನವಾಗುವುದಿಲ್ಲ.

ಎಚ್ಚೆನ್ ದುರ್ಬೀನು ತರಲಿಲ್ಲ, ಸಿದ್ಧಾಂತ ಮಂಡಿಸಲಿಲ್ಲ. ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಎಂದರು. ಅಷ್ಟೇ. ತೋಳಿನ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಹಿಡಿಸದ ಗಾತ್ರ. ಶೂನ್ಯದಿಂದ ಚಿನ್ನ ತೆಗೆಯುವ ಶಕ್ತಿಗೆ ಸಂತೆಯಲ್ಲಿ ಸಿಗುವ ತರಕಾರಿ ಯಾವ ಲೆಕ್ಕ?

ಅವರು ಯಾರನ್ನೂ ಕುಂಬಳಕಾಯಿ ಕಳ್ಳ ಎಂದಿರಲಿಲ್ಲ. ಹೆಗಲು ಮುಟ್ಟಿ ನೋಡಿಕೊಂಡವರು ಮಾತ್ರ ಊರ ತುಂಬ.