ಬರೀ ಹೊಟ್ಟೆ, ಕಾಫಿ ಅಷ್ಟೇ

ನಾನು ಫಾರ್ಮಕಾಲಜಿ ಓದುತ್ತಿರುವ ಸುದ್ದಿ ಊರಿಗೆಲ್ಲ ಹೇಗೆ ಹರಡಿತೋ ಕಾಣೆ. ರಜೆಗೆ ಮನೆಗೆ ಹೋದರೆ ಸೋದರತ್ತೆ ಬಿಸ್ಕತ್ತಿನ ಡಬ್ಬಿ ಹಿಡಿದು ಹಾಜರು. ಒಳಗಿರುವುದು ಬಿಸ್ಕತ್ತಲ್ಲ, ಮಾತ್ರೆಗಳು. ಒಂದೊಂದನ್ನೂ ಕತ್ತರಿಯಿಂದ ಚೌಕವಾಗಿ ಕತ್ತರಿಸಿಟ್ಟಿದ್ದಾರೆ. ಹೆಸರು, ಎಕ್ಸ್‌ಪೈರಿ ತಾರೀಖು ಇದ್ದ ಚೂರುಗಳು ಯಾವತ್ತೋ ತಿಪ್ಪೆ ಸೇರಿವೆ. ಒಂದರ ಬೆನ್ನಮೇಲೆ ‘ಓಎಲ್’ ಅನ್ನುವ ಬಾಲ ಮಾತ್ರ ಉಳಿದಿದೆ. ಜ್ವರದ ಪ್ಯಾರಾಸಿಟಮಾಲ್ ಇರಬಹುದು, ಬಿಪಿಯ ಅಟೆನಲಾಲೂ ಇರಬಹುದು. “ಇದು ಯಾತಕ್ಕೆ ಅತ್ತೆ?” ಅಂದರೆ, “ಅದನ್ನ ಹೇಳೋಕೇ ಅಲ್ವಾ ನಿನ್ನ ಓದಿಸ್ತಿರೋದು!”

ಕಾಲೇಜಿನಲ್ಲಿ ಟ್ಯೂಟರ್ ಮೇಡಂ ಮೊದಲ ದಿನವೇ ಐದು ಸರಿಗಳನ್ನು ಬಾಯಿಪಾಠ ಮಾಡಿಸಿದ್ದರು: ಸರಿಯಾದ ರೋಗಿ, ಸರಿಯಾದ ಔಷಧ, ಪ್ರಮಾಣ, ಕೊಡುವ ದಾರಿ, ವೇಳೆ. ಪುಸ್ತಕಗಳು ಇವಕ್ಕೆ ದಾಖಲೆ, ಕಾರಣ ಅಂತ ಇನ್ನಷ್ಟು ಸೇರಿಸಿಕೊಂಡು ಹೋಗುತ್ತವೆ. ನನಗಂತೂ ಮೊದಲನೆಯದನ್ನು ದಾಟುವುದೇ ಸಾಹಸ.

ರೋಗಿಯ ಹೆಸರನ್ನು ನಾವು ಹೇಳಬಾರದು, ಅವರ ಬಾಯಿಂದಲೇ ಹೇಳಿಸಬೇಕು. ಯಾಕೆಂದು ಹೆಂಗಸರ ವಾರ್ಡಿನಲ್ಲಿ ಗೊತ್ತಾಯಿತು. “ಜಯಮ್ಮ ಯಾರು?” ಅಂದರೆ ಮೂರು ಮಂಚಗಳಿಂದ “ಹೂಂ”. ಒಬ್ಬರು ಜಯಮ್ಮ. ಇನ್ನೊಬ್ಬರು ಜಯಲಕ್ಷ್ಮಮ್ಮ. ಮೂರನೆಯವರಿಗೆ ಕಿವಿ ಮಂದ; ಆಸ್ಪತ್ರೆಯಲ್ಲಿ ಏನು ಕೇಳಿದರೂ ಹೂಂ ಅಂದುಬಿಡು ಅಂತ ಮಗ ಹೇಳಿಕೊಟ್ಟು ಹೋಗಿದ್ದಾನೆ. ಹಾಗಾಗಿ ದಿನಾ “ನಿಮ್ಮ ಹೆಸರೇನಮ್ಮ?” ಅಂತ ಕೇಳಿ, ಐಪಿ ನಂಬರು ತಾಳೆ ನೋಡುತ್ತೇನೆ. ಜಯಮ್ಮನವರಿಗೆ ನನ್ನ ಮೇಲೆ ಕನಿಕರ. “ನಿನ್ನೇನೂ ಕೇಳಿದ್ದೆ. ಇಷ್ಟು ಮರೆವಿದ್ರೆ ನೀನೇ ಒಂದು ಮಾತ್ರೆ ತಗೊಳವ್ವ.”

ಪ್ರಮಾಣದ ಪಾಠಕ್ಕೆ ಬಂದರೆ ಮೇಡಂ ನಗುವುದಿಲ್ಲ. ಒಮ್ಮೆ ಎರಡು ಇನ್ಸುಲಿನ್ ಸಿರಿಂಜು ಮೇಜಿನ ಮೇಲಿಟ್ಟರು. ಕೆಂಪು ಮುಚ್ಚಳದ್ದು ಎಂಎಲ್‌ಗೆ 40 ಯೂನಿಟ್ಟಿನ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. ನಮ್ಮ ದೇಶದಲ್ಲಿ ಎರಡೂ ಸಿಗುತ್ತವೆ, ಅದೇ ತಾಪತ್ರಯ. “100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಎಷ್ಟು ಹೋಯ್ತು?” ಹಿಂದಿನ ಬೆಂಚಿನಿಂದ ಧೈರ್ಯವಾಗಿ “ಇಪ್ಪತ್ತು!” ಬಂತು. ಮೇಡಂ ಬೋರ್ಡಿನ ಮೇಲೆ ಬರೆದರು: ಅರ್ಧ ಎಂಎಲ್, ಅಂದರೆ 50 ಯೂನಿಟ್. ಶುಗರ್ ಪಾತಾಳಕ್ಕಿಳಿದು ರೋಗಿ ಎಚ್ಚರ ತಪ್ಪುವುದಕ್ಕೆ ಅಷ್ಟು ಸಾಕು. ಗಣಿತಕ್ಕೆ ಹೆದರಿ ನರ್ಸಿಂಗ್ ಸೇರಿದ ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಡ್ರಿಪ್ಪಿನ ಲೆಕ್ಕ ಬೇರೆ. ಅರ್ಧ ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಎಂಎಲ್‌ಗೆ 20 ಹನಿಯ ಸೆಟ್ಟು. ನಿಮಿಷಕ್ಕೆ ಸುಮಾರು 21 ಹನಿ. ಬೆವರು ಸುರಿಸಿ ಹೊಂದಿಸಿ ಆಚೆ ಬರುವಷ್ಟರಲ್ಲಿ ರೋಗಿಯ ಭಾವಮೈದ ಚಕ್ರವನ್ನು ಪೂರ್ತಿ ತಿರುಗಿಸಿಬಿಟ್ಟಿದ್ದ. “ಬೇಗ ಮುಗೀಲಿ ಅಂತ ಸಿಸ್ಟರ್. ಐದೂವರೆಗೆ ನಮ್ಮೂರಿಗೆ ಕೊನೇ ಬಸ್ಸು.” ಹೃದಯ ದುರ್ಬಲವಾದವರಿಗೆ ಹೀಗೆ ನೀರು ನುಗ್ಗಿದರೆ ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರೇ ಕಟ್ಟೀತು ಅಂತ ಸೀನಿಯರ್ ಸಿಸ್ಟರ್ ವಿವರಿಸಿದ ಮೇಲೆ ಆತ ಮಂಚದಿಂದ ಎರಡು ಮಾರು ದೂರ ಸರಿದು ನಿಂತ.

ಡಿಗಾಕ್ಸಿನ್ ಕೊಡುವ ಮುಂಚೆ ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸಬೇಕು. 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ತಡೆದು ಡಾಕ್ಟರಿಗೆ ತಿಳಿಸಬೇಕು. ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಮದ್ದು ಅದು. 1785ರಲ್ಲೇ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಆ ಗಿಡದ ಬಗ್ಗೆ ಪುಸ್ತಕ ಬರೆದ. ಅಳತೆ ಸ್ವಲ್ಪ ಹೆಚ್ಚಾದರೆ ಅದೇ ವಿಷ ಅಂತ ಅವನಿಗೂ ಗೊತ್ತಿತ್ತು. ಆದರೆ ಅವನ ರೋಗಿಗಳು ನಡುವೆ ಮಾತಾಡುತ್ತಿರಲಿಲ್ಲ ಅಂತ ಕಾಣುತ್ತದೆ. ನಾನು ವಾಚು ನೋಡುತ್ತ ನಲವತ್ತಮೂರರವರೆಗೆ ಬಂದಿದ್ದೇನೆ, ಅಜ್ಜಿ ಕೇಳುತ್ತಾರೆ: “ಡ್ಯೂಟಿ ಮುಗೀತಾ ತಾಯಿ?” ಮತ್ತೆ ಒಂದರಿಂದ.

ವೇಳೆಯ ಕಥೆ ಜಯಲಕ್ಷ್ಮಮ್ಮನವರದು. ಥೈರಾಯ್ಡ್ ಮಾತ್ರೆ ಬೆಳಗ್ಗೆ ಬರೀ ಹೊಟ್ಟೆಗೆ ಬೀಳಬೇಕು. ಕಾಫಿ ಬಿದ್ದರೂ ಅದು ಸರಿಯಾಗಿ ರಕ್ತಕ್ಕೆ ಸೇರದು. ಹಿಂದಿನ ರಾತ್ರಿ ಮೂರು ಸಲ ಹೇಳಿ, ಬೆಳಗ್ಗೆ ಆರಕ್ಕೇ ಮಾತ್ರೆ ಹಿಡಿದು ಹೋದೆ.

“ಏನೂ ತಗೊಂಡಿಲ್ಲ ತಾನೇ?”

“ಏನೂ ಇಲ್ಲಮ್ಮ, ಬರೀ ಹೊಟ್ಟೆ. ಕಾಫಿ ಅಷ್ಟೇ.”

“ಕಾಫಿ ಕುಡಿದ್ರಾ!”

“ಬರೀ ಕಾಫಿ ಕುಡೀಬಾರ್ದು ಅಂತ ಎರಡು ರಸ್ಕೂ ಅದ್ಕೊಂಡೆ.”