ಹಿಂದೆ ಬಿದ್ದವನ ಬಲ

ಅಕ್ಕಪಕ್ಕದವರ ಹರಟೆಗೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬೇಲಿ ಎಲ್ಲಿಂದ ತರೋಣ? ನಮ್ಮ ಗ್ಯಾಲರಿಗೂ ಪಕ್ಕದ ರಾಯರ ಗ್ಯಾಲರಿಗೂ ನಡುವಿನ ಕಬ್ಬಿಣದ ಗ್ರಿಲ್ಲೇ ಬೇಲಿ. ಹಾಲಿಗೆ ಹೊರಟವನು ಚೀಲ ತೆಗೆಯಲು ಗ್ಯಾಲರಿಗೆ ಬಂದೆ, ಸಿಕ್ಕಿಬಿದ್ದೆ.

ರಾಯರು ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಮೋಟರಿನ ಪ್ಯಾನಲ್ ಕಟ್ಟಿ ಕಟ್ಟಿಯೇ ನಿವೃತ್ತರಾದವರು. ಹಿಂದಿನ ದಿನ ಸೊಸೈಟಿ ಮೀಟಿಂಗಿನಲ್ಲಿ ಅವರು ‘ಲಿಫ್ಟಿಗೆ ಡ್ರೈವ್ ಹಾಕಿಸಬೇಕು’ ಎಂದಾಗ, ‘ಲಿಫ್ಟ್ ಓಡಿಸಲಿಕ್ಕೂ ಡ್ರೈವರ್ ಬೇಕೇ?’ ಎಂದು ಕೇಳಿ ನಾನು ನಗೆಪಾಟಲಾಗಿದ್ದೆ.

“ಮೋಟರು ಎತ್ತು, ಡ್ರೈವ್ ಮೂಗುದಾರ” ಎಂದು ಪಾಠ ಶುರುವಾಯಿತು. “ಮನೆಗೆ ಬರುವ ಎಸಿ ಕರೆಂಟು ಸೆಕೆಂಡಿಗೆ 50 ಸಲ ಹೋಗಿಬಂದು ಮಾಡ್ತದೆ. ಡ್ರೈವಿನೊಳಗೆ ಅದನ್ನು ಒಂದೇ ದಿಕ್ಕಿಗೆ ಹರಿಸುವುದು ರೆಕ್ಟಿಫೈಯರ್. ಆ ಡಿಸಿಯನ್ನು ಸಾವಿರಾರು ಸಲ ಕತ್ತರಿಸಿ, ಬೇಕಾದ ಆವರ್ತನದ ಎಸಿ ಮಾಡುವುದು ಇನ್ವರ್ಟರ್. ಆವರ್ತನ ಇಳಿದರೆ ಮೋಟರೂ ನಿಧಾನ.”

“ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿಯೇ?”

“ಅಕ್ಕಿ ಬೀಸಿ ಹಿಟ್ಟು, ಹಿಟ್ಟು ಒತ್ತಿ ಶ್ಯಾವಿಗೆ. ದಪ್ಪ ಬೇಕೋ ಸಣ್ಣ ಬೇಕೋ, ಬಿಲ್ಲೆ ಬದಲಿಸಿದರಾಯ್ತು” ಎಂದಳು ಒಳಗಿನಿಂದ ನನ್ನವಳು. ರಾಯರು ಗ್ರಿಲ್ಲಿಗೇ ಚಪ್ಪಾಳೆ ತಟ್ಟಿದರು.

ನಮ್ಮ ಲೋಕಲ್ ಕೂಡ ಇದೇ ಶ್ಯಾವಿಗೆ ತಿಂದು ಓಡುವುದಂತೆ. 1925ರಲ್ಲಿ ಮುಂಬಯಿಗೆ ವಿದ್ಯುತ್ ರೈಲು ಬಂದಾಗ ತಂತಿಯಲ್ಲಿದ್ದದ್ದು 1500 ವೋಲ್ಟಿನ ಡಿಸಿ. ಹಳೆಯ ಗಾಡಿಗಳು ಹೊರಡುವಾಗ ಎಷ್ಟೋ ಕರೆಂಟು ರೆಸಿಸ್ಟೆನ್ಸ್ ಕಾಯಿಸುವುದಕ್ಕೇ ಹೋಗುತ್ತಿತ್ತು. ಆ ರೆಸಿಸ್ಟೆನ್ಸ್ ಕಳಚುವ ಹಂತಹಂತಕ್ಕೂ ನಮಗೆ ಜಗ್ಗು. 2016ರ ಹೊತ್ತಿಗೆ ಮಧ್ಯ ರೈಲ್ವೆಯ ಲೋಕಲ್ ಮಾರ್ಗಗಳೆಲ್ಲ 25,000 ವೋಲ್ಟಿನ ಎಸಿಗೆ ಬಂದವು. ಈಗಿನ ಗಾಡಿ ಹೊರಡುವಾಗ ಕೇಳುವ ‘ಊಂ’ ಎಂಬ ರಾಗ ಇನ್ವರ್ಟರಿನ ಆಲಾಪ. ಬ್ರೇಕ್ ಹಾಕಿದರೆ ಮೋಟರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸು ಕೊಡುತ್ತದೆ. ಸಾಲ ತೀರಿಸುವ ಬುದ್ಧಿ ಯಂತ್ರಕ್ಕಾದರೂ ಇದೆ!

“ಕೊನೆಯದಾಗಿ ಸ್ಲಿಪ್” ಎಂದರು ರಾಯರು. ನಾನು ಅಂಗಿಯ ಜೇಬು ತಡಕಿದೆ.

“ಹಾಲಿನ ಚೀಟಿಯಲ್ಲ ಮಾರಾಯ್ರೆ! ನಾಲ್ಕು ಪೋಲಿನ ಇಂಡಕ್ಷನ್ ಮೋಟರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗ್ತದೆ. ಅದನ್ನು ಬೆನ್ನಟ್ಟುವ ರೋಟರ್, ಅಂದರೆ ಮೋಟರಿನ ತಿರುಗುವ ಭಾಗ, ಭಾರ ಹೊತ್ತಾಗ 1440ರ ಹತ್ತಿರ. ಆ 60ರ ಕೊರತೆಯೇ ಸ್ಲಿಪ್.”

“ಹಿಡಿದೇಬಿಟ್ಟರೆ?”

“ರೋಟರಿನಲ್ಲಿ ಕರೆಂಟೇ ಹುಟ್ಟುವುದಿಲ್ಲ. ಕರೆಂಟಿಲ್ಲದಿದ್ದರೆ ಟಾರ್ಕ್ ಇಲ್ಲ. ತಿರುಗಿಸುವ ಬಲವೇ ಇಲ್ಲ!”

ನನಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಬೆಳಗಿನ ಫಾಸ್ಟ್ ಲೋಕಲ್ಲಿನ ಹಿಂದೆ ಓಡಿದವನು ನಾನು; ಸೇತುವೆ ಇಳಿಯುವಷ್ಟರಲ್ಲಿ ಅದು ಕೋಪರ್ ಸ್ಟೇಷನ್ನಿನಿಂದ ನನ್ನನ್ನು ಅಣಕಿಸುತ್ತಿತ್ತು. ಸಂಬಳ ಬೆಲೆಗಳ ಹಿಂದೆ ಓಡಿತು, ಕೂದಲಿನ ಬಣ್ಣ ವಯಸ್ಸಿನ ಹಿಂದೆ. ಇದನ್ನೆಲ್ಲ ಸೋಲು ಅಂದುಕೊಂಡಿದ್ದೆ. ಅಲ್ಲ, ಟಾರ್ಕು!

“ಹಾಲು ಎಲ್ಲಿ?” ಎಂದಳು ನನ್ನವಳು.

“ಸ್ವಲ್ಪ ಸ್ಲಿಪ್ ಇದ್ದರೇ ಸಂಸಾರ ತಿರುಗೋದು ಕಣೇ.”

“ಸರಿ, ಹಾಲು ಬಂದಾಗಲೇ ಕಾಫಿ” ಎಂದು ಸ್ಟವ್ ಆರಿಸಿದಳು.

ಚೀಲ ಹಿಡಿದು ಓಡಿದೆ. ಡೈರಿಯವನು ಷಟರ್ ಎಳೆಯುತ್ತಿದ್ದ.