ಸ್ಫೂರ್ತಿಯವರ ಸನ್ನಿಧಿಗೆ ಒಂದು ಬಹಿರಂಗ ಪತ್ರ

ಶ್ರೀಮತಿ ಸ್ಫೂರ್ತಿ ಅವರಿಗೆ ಸಾದರ ಪ್ರಣಾಮಗಳು.

ಉಭಯ ಕುಶಲೋಪರಿ ಸಾಂಪ್ರತ. ನೀವು ಕ್ಷೇಮವಾಗಿರಬಹುದು, ಬಿಡುವಾಗಿರಲಿಕ್ಕಂತೂ ಇಲ್ಲ. ಕವಿಗಳ ಕಾಲದಲ್ಲಿ ಕರೆದಾಗ ಬಾರದೆ, ಕರೆಯದಾಗ ಬಂದು ಸತಾಯಿಸುತ್ತಿದ್ದವರು ನೀವು. ಈಗ ಇನ್‌ಸ್ಟಾಗ್ರಾಂನಲ್ಲಿ ಕೈಕೆಲಸದ ಅಂಗಡಿ ತೆರೆದವರ ಮನೆಗೆ ದಿನಕ್ಕೆರಡು ಸಲ ಹೋಗಿಬರುತ್ತೀರಂತೆ. ಒಬ್ಬರು ಟೆರಾಕೋಟಾ ಜುಮಕಿಯ ಹೊಸ ವಿನ್ಯಾಸ ಹಾಕಿ ವಾರವಾಗಿರುವುದಿಲ್ಲ, ಅದೇ ಜುಮಕಿ, ಅದೇ ಬಣ್ಣಗಳ ಜೋಡಿ, ಅದೇ ಬಾಳೆಲೆಯ ಹಿನ್ನೆಲೆ ಇನ್ನೊಂದು ಅಂಗಡಿಯಲ್ಲಿ ನೂರು ರೂಪಾಯಿ ಕಡಿಮೆಗೆ ತೂಗುತ್ತಿರುತ್ತದೆ. ಕೇಳಿದರೆ ನಿಮ್ಮ ಹೆಸರು ಹೇಳುತ್ತಾರೆ. ಮೂಲದವರು ವಿವರಣೆಯಲ್ಲಿ ಮಾಡಿದ ಕಾಗುಣಿತದ ತಪ್ಪೂ ಜುಮಕಿಯ ಜೊತೆಗೇ ಬಂದಿರುತ್ತದೆ. ಅದೂ ಎಂಥ ತಪ್ಪು! ನಿಮ್ಮ ಹೆಸರಿನದೇ, ಫಕಾರದ ಹೊಟ್ಟೆ ಸೀಳದೆ ಬರೆದ 'ಸ್ಪೂರ್ತಿ'. ಇಷ್ಟು ಕಡೆ ಸಾಕ್ಷಿ ಹೇಳಲು ನೀವು ನಿಜವಾಗಿಯೂ ಒಪ್ಪಿದ್ದೀರಾ ಎಂದು ವಿಚಾರಿಸಲು ಈ ಪತ್ರ.

ಕಳವಾದರೆ ನಮಗೆ ಗುರುತು ಸಿಗುವುದಿಲ್ಲವೆಂದಲ್ಲ. ಜೂನ್ 2025ರಲ್ಲಿ ಮಿಲಾನ್‌ನ ಫ್ಯಾಶನ್ ಶೋನಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಕೊಲ್ಹಾಪುರಿಯಂಥದ್ದೇ ಚಪ್ಪಲಿ ಮೆಟ್ಟಿ ನಡೆದಾಗ, ಕಂಪನಿ ಅದನ್ನು ಬರೀ ಚರ್ಮದ ಚಪ್ಪಲಿ ಎಂದು ಕರೆದಾಗ, ನಮ್ಮ ಸಿಟ್ಟು ನೆತ್ತಿಗೇರಿತು. ಏರಬೇಕಾದದ್ದೇ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ ಟ್ಯಾಗ್ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಎಷ್ಟು ಸೇರಿದ್ದೋ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅಷ್ಟೇ ಸೇರಿದ್ದು. ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಕೂಡ ಅದರ ಹಕ್ಕುದಾರ. ಗದ್ದಲವಾದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಆದರೆ ಆ ಸಿಟ್ಟಿನ ಸ್ಟೋರಿ ಹಾಕಿದ ಬೆರಳಿಗೂ ಪಕ್ಕದ ಅಂಗಡಿಯ ಸ್ಕ್ರೀನ್‌ಶಾಟ್ ತೆಗೆಯುವ ಬೆರಳಿಗೂ ಎಷ್ಟು ದೂರವಿದೆಯೋ ನೀವೇ ಹೇಳಬೇಕು. ಇಟಲಿಯವರು ಎತ್ತಿದರೆ ಕಳವು, ಇಟ್ಟಮಡುವಿನವರು ಎತ್ತಿದರೆ ನಿಮ್ಮ ಕೃಪೆ.

ನಿಮ್ಮ ಪರವಾಗಿ ಹೂಡುವ ಮೊದಲ ವಾದ ನಿಮಗೂ ಬಾಯಿಪಾಠವಾಗಿರಬೇಕು: ಲೋಕದಲ್ಲಿ ಹೊಸದೇನಿದೆ, ಎಲ್ಲರೂ ಎಲ್ಲರಿಂದ ಕಲಿತವರೇ. ನಿಜ. ಧಾರವಾಡದ ಕಡೆಯ ಕಸೂತಿಯನ್ನೇ ನೋಡಿ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ, ಇವುಗಳಿಗೆ ವಾರಸುದಾರರಿಲ್ಲ. ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಆದರೆ ಹೇಗೆ ಬಂತು ಅನ್ನುವುದರಲ್ಲೇ ಎಲ್ಲವೂ ಇದೆ. ಬಟ್ಟೆಯ ಮೇಲೆ ಪೆನ್ಸಿಲ್‌ನ ಗೆರೆ ಇರುವುದಿಲ್ಲ. ಎಳೆ ಎಣಿಸಿಕೊಂಡೇ ಸೂಜಿ ಹೋಗಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿದು ಸಾಲಿನ ಕೊನೆಯವರೆಗೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಸೆರಗು ತಿರುವಿ ನೋಡಿದರೆ ಹಿಂಬದಿಯೂ ಮುಂಬದಿಯ ಹಾಗೇ ಇರುತ್ತದೆ. ಒಂದು ಎಳೆ ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ, ಬಿಚ್ಚಬೇಕು. ಬೇರೆಯವರ ಗೋಪುರ ನೋಡಿ ಹೀಗೆ ಎಣಿಸಿ, ತಪ್ಪಿ, ಬಿಚ್ಚಿ ಮತ್ತೆ ಹಾಕುವವಳ ಬಟ್ಟೆಯೊಳಗೆ ನೀವು ಹಿಂಬದಿಯಿಂದ ಬರುತ್ತೀರಿ ಎಂಬುದು ನನ್ನ ತಿಳಿವಳಿಕೆ. ಫೋಟೋಗೆ ಹಿಂಬದಿಯೇ ಇಲ್ಲ. ಅದೇ ಗೋಪುರವನ್ನು ಬಟ್ಟೆಯ ಮೇಲೆ ಪ್ರಿಂಟ್ ಹೊಡೆಸಿ ಕಸೂತಿ ಎಂದು ಮಾರುವವರಿಗೆ ಬೇಕಾದದ್ದು ಮುಂಬದಿಯೊಂದೇ. ಅಲ್ಲಿ ನಿಮಗೆ ಕೂರಲು ಜಾಗವೆಲ್ಲಿ?

ಪರದೇಶದ್ದನ್ನು ತಂದರೂ ಈ ಮಾತು ಬದಲಾಗುವುದಿಲ್ಲ. ಚನ್ನಪಟ್ಟಣದ ಬೊಂಬೆ ನಮ್ಮದೇ ಎಂದು ಹೆಮ್ಮೆಪಡುತ್ತೇವೆ. ಅದರ ಬೇರು ಪರ್ಷಿಯಾದ ಕುಶಲಿಗಳಲ್ಲಿದೆ ಎನ್ನುತ್ತದೆ ಐತಿಹ್ಯ, ಬವಾಸ್ ಮಿಯಾ ಜಪಾನಿನ ಪದ್ಧತಿಗಳನ್ನು ಕಲಿತು ಅದಕ್ಕೆ ಕೂಡಿಸಿದರೆಂದು ಆ ಊರು ಇಂದಿಗೂ ನೆನೆಯುತ್ತದೆ. ಅವರು ತಂದದ್ದು ಬೊಂಬೆಯ ಚಿತ್ರವನ್ನಲ್ಲ, ಬೊಂಬೆ ಮಾಡುವ ಬಗೆಯನ್ನು. ಇಲ್ಲಿ ಸಿಗುವ ಹಾಲೆ ಮರವನ್ನು ತಿರುಗಣೆಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಈ ಹದ ಕೈಗೆ ಬಂದಾಗ ಜಪಾನು ಹಿಂದೆ ಸರಿದು ಚನ್ನಪಟ್ಟಣ ಮುಂದೆ ಬಂತು. ಸಾಲ ತಂದವರ ಹೆಸರೂ ಉಳಿಯಿತು. ಇಂದಿನ ಅಂಗಡಿಗಳಲ್ಲಿ ಮೊದಲು ಮಾಯವಾಗುವುದು ಆ ಹೆಸರೇ. ಫೋಟೋದ ಮೂಲೆಯಲ್ಲಿದ್ದ ವಾಟರ್‌ಮಾರ್ಕನ್ನು ಎಷ್ಟು ಜಾಣತನದಿಂದ ಕತ್ತರಿಸಿರುತ್ತಾರೆಂದರೆ, ಅಷ್ಟು ಕೈಚಳಕವನ್ನು ಜುಮಕಿಗೆ ಹಾಕಿದ್ದರೆ ಹೊಸದೊಂದು ಹುಟ್ಟಿಬಿಡುತ್ತಿತ್ತು.

ಇನ್ನು ಕಾನೂನು ಬಲ್ಲವರ ವಾದ: ತಡೆಯುವ ಕಾಯ್ದೆ ಎಲ್ಲಿದೆ ತೋರಿಸಿ. ತೋರಿಸುವುದು ಕಷ್ಟ, ಒಪ್ಪುತ್ತೇನೆ. ನೋಂದಾಯಿಸಿದ ವಿನ್ಯಾಸಕ್ಕೆ 2000ದ ಕಾಯ್ದೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಕೊಡುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಬಯಲಾದ ವಿನ್ಯಾಸ ಹೊಸದಲ್ಲವೆಂದು ಅದೇ ಕಾಯ್ದೆ ಕೈಚೆಲ್ಲುತ್ತದೆ. ಮಾರಬೇಕಾದರೆ ತೋರಿಸಬೇಕು, ತೋರಿಸಿದರೆ ಹಕ್ಕು ಹೋಯಿತು. ತಿಂಗಳಿಗೆ ಹತ್ತು ಹೊಸ ಜುಮಕಿ ಮಾಡುವವರು ಹತ್ತು ಅರ್ಜಿ ಬರೆಯುತ್ತ ಕುಳಿತರೆ ಮಣ್ಣು ಕಲಸುವವರು ಯಾರು? ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಕಾರ್ಖಾನೆಯ ರೀತಿಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕೃತಿಸ್ವಾಮ್ಯ ಮುಗಿಯಿತೆಂದು 1957ರ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಜಿಐ ಊರಿನ ಹೆಸರನ್ನು ಕಾಯುತ್ತದೆ, ಆ ಊರಿನ ಒಬ್ಬಳು ನಿನ್ನೆ ರಾತ್ರಿ ಕಂಡುಕೊಂಡ ಬಣ್ಣದ ಜೋಡಿಯನ್ನಲ್ಲ. ಇವೆಲ್ಲ ದೊಡ್ಡ ಕಾರ್ಖಾನೆಗಳ ಅಳತೆಗೆ ಹೊಲಿದ ಅಂಗಿಗಳು, ಅಡುಗೆಮನೆಯ ಮೇಜಿನ ಮೇಲಿನ ಉದ್ಯಮಕ್ಕೆ ದೊಗಳೆ. ಹಾಗೆಂದು ಅಂಗಿಯಲ್ಲಿ ತೂತಿದೆಯೆಂದರೆ ಜೇಬಿಗೆ ಕೈಹಾಕಲು ಅಪ್ಪಣೆ ಸಿಕ್ಕಿತೆಂದಲ್ಲವಲ್ಲ! ಬೇರೆಯವರು ತೆಗೆದ ಫೋಟೋವನ್ನೇ ಹಾಕಿಕೊಂಡು ಮಾರುವುದಕ್ಕಂತೂ ಈ ತೂತಿನ ನೆಪವೂ ಇಲ್ಲ. ಫೋಟೋದ ಹಕ್ಕು ಸ್ಪಷ್ಟವಾಗಿದೆ.

ಹೊಟ್ಟೆಪಾಡಿನ ವಾದಕ್ಕೆ ಮಾತ್ರ ನಾನು ಮೆತ್ತಗಾಗುತ್ತೇನೆ. ಮಕ್ಕಳನ್ನು ಶಾಲೆಗೆ ಕಳಿಸಿ, ಉಳಿದ ಮೂರು ಗಂಟೆಯಲ್ಲಿ ಕ್ರೋಶಾ ಹೆಣೆದು ನಾಲ್ಕು ಕಾಸು ಮಾಡುವವರನ್ನು ಪ್ರಾಡಾದ ಪಕ್ಕದಲ್ಲಿ ನಿಲ್ಲಿಸಿ ಬೈಯುವುದು ಅನ್ಯಾಯ. ಆದರೆ ಅವರು ಎತ್ತಿಕೊಂಡದ್ದು ಯಾರಿಂದ? ಅವರಂತೆಯೇ ಮೂರು ಗಂಟೆ ಬಿಡುವಿರುವ ಇನ್ನೊಬ್ಬರಿಂದ. ಆ ನೂರು ರೂಪಾಯಿಯ ವ್ಯತ್ಯಾಸವನ್ನು ಬಿಡಿಸಿ ನೋಡಿ. ಮೂಲದವರ ಬೆಲೆಯೊಳಗೆ ಸುಡುವಾಗ ಬಿರುಕುಬಿಟ್ಟ ಹತ್ತು ಜುಮಕಿ, ಒಣಗಿದ ಮೇಲೆ ಬಣ್ಣ ಮಂಕಾದ ನಾಲ್ಕು, ಕಿವಿಗೆ ಭಾರವೆಂದು ಬದಿಗಿಟ್ಟ ಎರಡು ಸೇರಿರುತ್ತವೆ. ನಕಲು ಮಾಡುವವರು ನೇರವಾಗಿ ಹದಿನೇಳನೆಯದಕ್ಕೆ ಬರುತ್ತಾರೆ. ಅಗ್ಗವಾಗದೆ ಇನ್ನೇನು? ಗ್ರಾಹಕರನ್ನೂ ಇದರಿಂದ ಹೊರಗಿಡಬೇಡಿ. "ಸೇಮ್ ಡಿಸೈನ್, ಸ್ವಲ್ಪ ಕಮ್ಮಿಗೆ ಮಾಡಿಕೊಡ್ತೀರಾ?" ಎಂದು ಸ್ಕ್ರೀನ್‌ಶಾಟ್ ಸಮೇತ ಡಿಎಂ ಮಾಡುವವರು ನಾವೇ.

ಹಾಗೆಂದು ಅತ್ತು ರಂಪ ಮಾಡುವ ಮೂಲದವರೆಲ್ಲ ಮೂಲದವರೆಂದು ನಂಬಬೇಡಿ. ಮಾವಿನಕಾಯಿ ಬುಟ್ಟಾ ತನ್ನ ಕಲ್ಪನೆಯೆಂದು ಹಕ್ಕು ಸಾಧಿಸುವವರಿದ್ದಾರೆ. ಲಕ್ಷ್ಮಿ ಪೆಂಡೆಂಟ್ ತನ್ನದೆಂದು ಬೆದರಿಸುವವರೂ ಇದ್ದಾರೆ, ಲಕ್ಷ್ಮಿಯನ್ನು ಕೇಳಿದರೋ ಇಲ್ಲವೋ. ದೂರು ಕೊಡುವವರ ಕೈಯ ಕೆಲಸವನ್ನೂ ಒಮ್ಮೆ ತಿರುವಿ ನೋಡಬೇಕಾಗುತ್ತದೆ. ಆ ಹದಿನಾರು ಸೋಲುಗಳ ಡಬ್ಬಿಯನ್ನು ಮಂಚದ ಕೆಳಗಿಂದ ಎಳೆದು ತೋರಿಸಬಲ್ಲವರ ಮಾತನ್ನು ಕೇಳಬಹುದು.

ಇಂತಿ ನಿಮ್ಮ ದರ್ಶನ ಅಪರೂಪವಾದ
ಒಬ್ಬ ಓದುಗ

ತಾ.ಕ.: ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಫಕಾರದ ಹೊಟ್ಟೆ ಸೀಳಿಯೇ ಬರೆದಿದ್ದೇನೆ. ಹೊಟ್ಟೆ ಸೀಳದ ಹೆಸರಿನವರೊಬ್ಬರು ನಿಮ್ಮ ಬೀದಿಯಲ್ಲೇ ಮನೆ ಮಾಡಿದ್ದಾರೆಂದು ಕಾಣುತ್ತದೆ. ಅವರಿಗೆ ದಿನವೂ ಮೂಟೆಗಟ್ಟಲೆ ಟಪಾಲು ಬರುತ್ತಿದೆಯಂತೆ. ಅಂಚೆಯಣ್ಣನನ್ನು ಒಮ್ಮೆ ವಿಚಾರಿಸಿ.